ಹಳದಿ ಕಾರು

2005ರ ಮಾರ್ಚ್ 6, ಭಾನುವಾರ ಬೆಳಗ್ಗೆ. ರಾಜರಾಜೇಶ್ವರಿನಗರದ ನಮ್ಮ ಮನೆಯಲ್ಲಿ ತಟ್ಟೆಯ ಇಡ್ಲಿ ಆರುತ್ತಿತ್ತು; ನನ್ನ ಕಣ್ಣು ಟಿವಿ ಬಿಟ್ಟು ಕದಲಿರಲಿಲ್ಲ. ದೂರದ ಮೆಲ್ಬರ್ನ್‌ನಲ್ಲಿ ನರೇನ್ ಕಾರ್ತಿಕೇಯನ್ ಜೋರ್ಡಾನ್ ತಂಡದ ಹಳದಿ ಕಾರಿನಲ್ಲಿ ಕೂತಿದ್ದರು. ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ. ಗೆದ್ದದ್ದು ಫಿಸಿಕೆಲ್ಲಾ, ನಮ್ಮವರು 15ನೆಯವರು. ಆದರೂ ಆ ಹಳದಿ ಚುಕ್ಕೆ ಕಂಡಾಗಲೆಲ್ಲ ಎದ್ದು ಕೂಗುತ್ತಿದ್ದೆ. ‘ಹಿಂದೆ ಬಿದ್ದವನಿಗೂ ಚಪ್ಪಾಳೆಯೇನೋ?’ ಎಂದು ಅಪ್ಪ ನಕ್ಕಿದ್ದರು.

ನರೇನ್ ಅವರ ಕಸುಬಿನ ಸೊಗಸು ಇದ್ದದ್ದೇ ಅಲ್ಲಿ. ವೇಗ ಸಾಲದ ಕಾರನ್ನು ತಿರುವು ತಿರುವಿನಲ್ಲೂ ಸಂಭಾಳಿಸಿ, ಸುತ್ತು ಮುಂದಿದ್ದವರಿಗೆ ದಾರಿ ಬಿಟ್ಟು, ಗುರಿ ಮುಟ್ಟಿಸುವುದು. ಅದೇ ವರ್ಷ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರಿನ ಭಯಕ್ಕೆ 14 ಕಾರುಗಳು ಹಿಂದೆ ಸರಿದವು. ಉಳಿದ ಆರರಲ್ಲಿ ನರೇನ್ ನಾಲ್ಕನೆಯವರು, 5 ಅಂಕ. ಅದೃಷ್ಟ ಎಂದರು ಜನ. ಅದೃಷ್ಟ ಬಂದ ಹೊತ್ತಿಗೆ ಗಾಡಿ ಓಡುತ್ತಿರಬೇಕಲ್ಲ!

2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬೈಕಿನಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದಾಗಲೂ ಮೈ ಜುಮ್ಮೆಂದಿತ್ತು. ಈಗ ಸಂಜೆ ಹೊತ್ತು ಮೈಸೂರು ರಸ್ತೆಯ ಕಮಾನಿನ ಬಳಿ ಫಸ್ಟ್ ಗೇರಿನಲ್ಲಿ ತೆವಳುವಾಗ, ಕೊನೆಯ ಸುತ್ತಿನವರೆಗೂ ಪಟ್ಟು ಬಿಡದ ಆ ಹಳದಿ ಕಾರು ಕಣ್ಣ ಮುಂದೆ ಹಾದುಹೋಗುತ್ತದೆ.