ವೇಷವೂ ವ್ಯಕ್ತಿಯೂ

ಭಟ್ಕಳ, ಹೊನ್ನಾವರ, ಕುಮಟಾಗಳ ಯಕ್ಷಗಾನ ಪ್ರೇಕ್ಷಕರಿಗೆ ಒಂದು ವಿವೇಕವು ಪರಂಪರೆಯಿಂದಲೇ ಬಂದಿದೆ. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಕೀಚಕನ ಪಾತ್ರವನ್ನು ಅವರು ಮನಸಾರೆ ಮೆಚ್ಚಿದರು. ಆದರೆ ಸೈರಂಧ್ರಿಯನ್ನು ಪೀಡಿಸಿದ ಕೀಚಕನನ್ನು ಮನ್ನಿಸಲಿಲ್ಲ. ಪಾತ್ರದ ದೋಷವನ್ನು ಪಾತ್ರಧಾರಿಯ ಮೇಲೆ ಹೊರಿಸಲೂ ಇಲ್ಲ. ಕಿರೀಟವನ್ನು ಇಳಿಸಿದೊಡನೆ ವೇಷವು ಮುಗಿಯಿತು. ಅಪವಾದಕ್ಕೆ ಗುರಿಯಾದ ಕಲಾವಿದನು ಮರಳಿ ಮನ್ನಣೆ ಪಡೆಯುವ ಬಗೆಯನ್ನು ಪರಿಶೀಲಿಸಲು ಈ ವಿವೇಕವೇ ತಕ್ಕ ಅಳತೆಗೋಲೆಂದು ನಾವು ಭಾವಿಸುತ್ತೇವೆ.

ಕನ್ನಡ ಚಲನಚಿತ್ರರಂಗದ 2011ರ ಪ್ರಕರಣವೊಂದು ಇಲ್ಲಿ ವಿಚಾರಾರ್ಹವಾಗಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ನಟ ದರ್ಶನ್ ಅವರು ಪತ್ನಿಯ ಮೇಲೆ ಹಲ್ಲೆ ನಡೆಸಿದ ಆರೋಪಕ್ಕಾಗಿ ಬಂಧಿತರಾದರು. ಅವರು ಸೆರೆಯಲ್ಲಿರುವಾಗಲೇ, ಅದೇ ತಿಂಗಳ 30ರಂದು, 'ಸಾರಥಿ' ತೆರೆಕಂಡು ಭಾರಿ ಯಶಸ್ಸನ್ನು ಗಳಿಸಿತು. 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಅವರಿಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿಯನ್ನು ತಂದಿತು. ಇತ್ತ, ಆ ದಾಂಪತ್ಯ ಕಲಹಕ್ಕೆ ಕಾರಣರೆಂಬ ಆರೋಪದಿಂದ ನಟಿ ನಿಕಿತಾ ತುಕ್ರಾಲ್ ಅವರನ್ನು ನಿರ್ಮಾಪಕರ ಸಂಘವು ಮೂರು ವರ್ಷಗಳ ಕಾಲ ನಿಷೇಧಿಸಿತು. ಆರೋಪವನ್ನು ಅವರು ಅಲ್ಲಗಳೆದಿದ್ದರು. ವ್ಯಾಪಕ ವಿರೋಧದ ಬಳಿಕವೇ ಸಂಘವು ನಿಷೇಧವನ್ನು ಹಿಂತೆಗೆದುಕೊಂಡಿತು.

ಈ ಸಂಗತಿಗಳಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದು, ಮನ್ನಣೆಯ ಹಂಚಿಕೆಯಲ್ಲಿನ ಅಸಮತೆ. ಹಲ್ಲೆಯ ಆರೋಪ ಹೊತ್ತವರಿಗೆ ಚಪ್ಪಾಳೆಯೂ, ಹಲ್ಲೆಯಲ್ಲಿ ಭಾಗಿಯೇ ಅಲ್ಲದವರಿಗೆ ನಿಷೇಧವೂ ದೊರೆತುವು. ಎರಡನೆಯದು, ವೇಷ ಮತ್ತು ವ್ಯಕ್ತಿಗಳ ಬೆರಕೆ. 'ಸಾರಥಿ'ಯ ನಾಯಕನು ಅನ್ಯಾಯಕ್ಕೊಳಗಾಗಿ ನೆಲೆತಪ್ಪಿದವನು. ಆ ಪಾತ್ರದ ಮೇಲಿನ ಅನುಕಂಪವು ನಟನಿಗೂ ಸಂದಿತೆಂದು ತೋರುತ್ತದೆ. ಬಯಲಾಟದ ಪ್ರೇಕ್ಷಕನು ಕಾಯ್ದುಕೊಂಡ ಅಂತರವನ್ನು ಚಿತ್ರಮಂದಿರದ ಪ್ರೇಕ್ಷಕನು ಅಳಿಸಿಹಾಕಿದನು.

ತಪ್ಪಿದ ಕಲಾವಿದನಿಗೆ ರಂಗದ ಬಾಗಿಲು ಶಾಶ್ವತವಾಗಿ ಮುಚ್ಚಬೇಕೆಂಬುದು ನಮ್ಮ ವಾದವಲ್ಲ. ದುಡಿದು ಬದುಕುವ ಹಕ್ಕು ಆತನಿಗೂ ಉಂಟು. ಆದರೆ ಟಿಕೆಟ್ಟಿನ ಗಳಿಕೆಯು ಕ್ಷಮಾಪತ್ರವಾಗಲಾರದು. ಕ್ಷಮಿಸುವ ಅಧಿಕಾರವು ನೊಂದವರದು. ದರ್ಶನ್ ಅವರು 2024ರ ಜೂನಿನಲ್ಲಿ ಕೊಲೆಯ ಆರೋಪದ ಮೇಲೆ ಮತ್ತೆ ಬಂಧಿತರಾದರು. ಅದರ ಸತ್ಯಾಸತ್ಯತೆಯ ನಿರ್ಣಯವು ನ್ಯಾಯಾಲಯಕ್ಕೆ ಸೇರಿದ್ದು; ಅಭಿಮಾನಿಗಳ ಜಯಘೋಷಕ್ಕಾಗಲಿ ವಿರೋಧಿಗಳ ಕೂಗಿಗಾಗಲಿ ಸೇರಿದ್ದಲ್ಲ. ಇತಿಹಾಸದ ವಿದ್ಯಾರ್ಥಿಗಳು ಜನಪ್ರಿಯತೆಯನ್ನು ಜನಪ್ರಿಯತೆಯ ಸಾಕ್ಷ್ಯವೆಂದಷ್ಟೇ ಗ್ರಹಿಸಬೇಕು. ಅದನ್ನು ಶೀಲದ ಸಾಕ್ಷ್ಯವೆಂದು ಎಣಿಸಿದರೆ ಕಲೆಗೂ ನ್ಯಾಯ ಸಲ್ಲದು, ನೊಂದವರಿಗೂ ಸಲ್ಲದು.