ಅವಿರೋಧ ಆಯ್ಕೆಯಿಂದ ಅಲ್ಪ ಅಂತರದವರೆಗೆ

1962ರ ವಿಧಾನಸಭಾ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಭವ ಹೊಂದಿದರು. ಪಕ್ಷಕ್ಕೆ ಬಹುಮತ ದೊರೆತಿತ್ತು. ಪಕ್ಷದ ನಾಯಕರಿಗೆ ಸಭೆಯಲ್ಲಿ ಸ್ಥಾನ ದೊರೆತಿರಲಿಲ್ಲ. ಆಗ ಹುನಗುಂದದ ಪ್ರತಿನಿಧಿಯಾಗಿದ್ದ, ಅದಕ್ಕೆ ಮೊದಲು ವಿಧಾನಸಭೆಯ ಅಧ್ಯಕ್ಷರಾಗಿದ್ದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಿಂದ ಆರಿಸಿಬಂದಿದ್ದ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್ ತಿಂಗಳಲ್ಲಿ ಕಂಠಿಯವರು ಅಧಿಕಾರವನ್ನು ಅವರಿಗೊಪ್ಪಿಸಿ, ಅವರ ಸಂಪುಟದಲ್ಲಿಯೇ ಸಚಿವರಾಗಿ ಕುಳಿತರು.

ಭರತನ ಪಾದುಕಾ ಪಟ್ಟಾಭಿಷೇಕವನ್ನು ನೆನಪಿಗೆ ತರುವ ಈ ಪ್ರಸಂಗದಲ್ಲಿ ಕಂಠಿಯವರ ನಿಸ್ಪೃಹತೆ ಮೆಚ್ಚತಕ್ಕದ್ದೇ. ಕೈಗೆ ಬಂದ ಅಧಿಕಾರವನ್ನು ಮಾತಿಗೆ ಕಟ್ಟುಬಿದ್ದು ಬಿಟ್ಟುಕೊಟ್ಟವರು ರಾಜಕಾರಣದಲ್ಲಿ ವಿರಳ. ಆದರೆ ಆ ಮೆಚ್ಚುಗೆಯ ಭರದಲ್ಲಿ ಒಬ್ಬನನ್ನು ಎಲ್ಲರೂ ಮರೆತಿದ್ದಾರೆ. ಆತ ಬಾಗಲಕೋಟೆಯ ಮತದಾರ. ಕೆಲವೇ ತಿಂಗಳ ಹಿಂದೆ ಒಬ್ಬರನ್ನು ಆರಿಸಿ ಕಳಿಸಿದ್ದ ಆತನಿಗೆ ಇನ್ನೊಬ್ಬರು ಪ್ರತಿನಿಧಿಯಾಗಿ ದೊರೆತರು. ಈ ಬದಲಾವಣೆಗಾಗಿ ಆತ ಮತಪೆಟ್ಟಿಗೆಯ ತನಕ ನಡೆಯುವ ಪ್ರಮೇಯವೇ ಬರಲಿಲ್ಲ. ಹೊಸದುರ್ಗದ ಜನ ಬೇಡವೆಂದವರನ್ನು ಬಾಗಲಕೋಟೆಯ ಜನ ಬೇಕೆಂದರೆಂದು ಹೇಳಲು ಆಧಾರವಿಲ್ಲ. ಬೇಡವೆನ್ನಲಿಲ್ಲ ಎಂದಷ್ಟೇ ಹೇಳಬಹುದು.

ಪ್ರಜಾಪ್ರಭುತ್ವದಲ್ಲಿ ಪ್ರಜೆ ಪ್ರಭುವಲ್ಲ, ಆಳುವವರು ಎಂದಿಗೂ ಕೆಲವರೇ ಎಂದು ವಾದಿಸಿದ ಪಾಶ್ಚಾತ್ಯ ಚಿಂತಕರಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಇಟಲಿಯ ಮೋಸ್ಕಾ ಮತ್ತು ಪರೇಟೊ ಈ ವಾದಕ್ಕೆ ತಳಹದಿ ಹಾಕಿದರು. ರಾಬರ್ಟ್ ಮಿಖೆಲ್ಸ್ 1911ರ ತನ್ನ ಗ್ರಂಥದಲ್ಲಿ ಜರ್ಮನಿಯ ಸಮಾಜವಾದಿ ಪಕ್ಷವನ್ನೇ ಪರೀಕ್ಷೆಗೆ ತೆಗೆದುಕೊಂಡು, ಸಮಾನತೆಯನ್ನು ಸಾರುವ ಸಂಘಟನೆಯೂ ಕಾಲಕ್ರಮದಲ್ಲಿ ಕೆಲವೇ ಮುಖಂಡರ ಕೈವಶವಾಗುತ್ತದೆಂದು ತೋರಿಸಿದ. ಸಂಘಟನೆಯಿದ್ದಲ್ಲಿ ಅಲ್ಪಜನರ ಆಳ್ವಿಕೆ ತಪ್ಪಿದ್ದಲ್ಲ ಎಂಬುದು ಆತನ ತೀರ್ಮಾನ. 1942ರಲ್ಲಿ ಶುಂಪೀಟರ್ ಇನ್ನೂ ಮುಂದೆ ಹೋಗಿ, ನಾಯಕರಾಗಬಯಸುವವರು ಮತಕ್ಕಾಗಿ ನಡೆಸುವ ಸ್ಪರ್ಧೆಯೇ ಪ್ರಜಾಪ್ರಭುತ್ವವೆಂದೂ, ಜನ ಆಳುವುದಿಲ್ಲ, ಆಳುವವರನ್ನು ಒಪ್ಪುತ್ತಾರೆ ಇಲ್ಲವೇ ತಳ್ಳಿಹಾಕುತ್ತಾರೆಂದೂ ಹೇಳಿದ. ಮಿಖೆಲ್ಸ್ ಮುಂದೆ ಮುಸೊಲಿನಿಯ ಪಕ್ಷವನ್ನು ಸೇರಿದನೆಂಬುದನ್ನು ಇಲ್ಲಿ ನೆನೆಯಬೇಕು. ಆಳುವವರು ಹೇಗೂ ಕೆಲವರೇ ಎಂದು ಒಮ್ಮೆ ನಂಬಿದ ಮೇಲೆ, ಆ ಕೆಲವರಲ್ಲಿ ಯಾರಾದರೇನು ಎಂಬ ಉದಾಸೀನತೆ ಬಹಳ ದೂರವಿರುವುದಿಲ್ಲ.

ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಏಕಾಂತ ದೃಷ್ಟಿ. ಅದರ ಕೊರತೆಯನ್ನು ತೋರಿಸಿಕೊಡಲು ಬಾಗಲಕೋಟೆಯೇ ಸಾಕು.

1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜು ಎದ್ದಿತು. ಅದನ್ನು ಕಟ್ಟಿದ್ದು ಸರ್ಕಾರವಲ್ಲ. ನದಿಯ ದಂಡೆಯಲ್ಲಿದ್ದೂ ಬೇಸಿಗೆಯಲ್ಲಿ ನೀರು ಕಾಣದೆ ಬೇಸತ್ತ ರೈತರು ಕೃಷ್ಣಾ ತೀರ ರೈತ ಸಂಘವೆಂದು ಒಂದುಗೂಡಿ, ತಾವೇ ವಂತಿಗೆ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು ಅದನ್ನು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಇಲ್ಲಿ ಜನ ಯಾರನ್ನೂ ಆರಿಸಲಿಲ್ಲ. ಒಂದು ಕಾರ್ಯವನ್ನೇ ಆರಿಸಿದರು. ಏನು ಬೇಕು, ಎಲ್ಲಿ ಬೇಕು, ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಅದರ ಫಲವನ್ನು ಉಣ್ಣತಕ್ಕವರ ಮಧ್ಯದಲ್ಲಿಯೇ ತೀರ್ಮಾನವಾಯಿತು. ಪ್ರಜೆಗಳೇ ಪ್ರಭುಗಳಾಗುವುದೆಂದರೇನೆಂದು ಕೇಳುವವರಿಗೆ ಈ ಜಿಲ್ಲೆ ತೋರಿಸಬಹುದಾದ ಉದಾಹರಣೆ ಇದು. ಇಂಥವು ಹೆಚ್ಚಿಲ್ಲವೆಂಬುದೂ ನಿಜ.

ಈ ಕಾರ್ಯದ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ಸ್ಪರ್ಧಿಸಿದಾಗ ಎದುರಿಗಿದ್ದವರು ರಾಜ್ಯದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು. ವಾಗ್ಮಿತೆ, ಪ್ರಖ್ಯಾತಿ, ದಿಲ್ಲಿಯ ಒಡನಾಟ ಎಲ್ಲವೂ ಅವರ ಕಡೆಗಿದ್ದವು. ಜನ ಬ್ಯಾರೇಜು ಕಟ್ಟಿದವರನ್ನು ಆರಿಸಿದರು. 1962ರಲ್ಲಿ ಕೇಳಲ್ಪಡದಿದ್ದ ಊರು 1991ರಲ್ಲಿ ಕೇಳಲ್ಪಟ್ಟಿತು, ಒಲ್ಲೆನೆಂದಿತು.

ಪರೇಟೊ ಬದುಕಿದ್ದರೆ ನಸುನಕ್ಕು ಮುಂದಿನ ಕಥೆಯನ್ನು ಕೇಳುತ್ತಿದ್ದ. ನ್ಯಾಮಗೌಡರು ಕೇಂದ್ರದಲ್ಲಿ ರಾಜ್ಯಸಚಿವರಾದರು, ಬಹುಕಾಲದ ನಂತರ ಜಮಖಂಡಿಯ ಶಾಸಕರಾದರು. 2018ರ ಮೇ ತಿಂಗಳಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಉಪಚುನಾವಣೆಯಲ್ಲಿ ಮಗನೇ ಗೆದ್ದರು. ಕೆಳಗಿನಿಂದ ಬಂದವನು ಮೇಲಿನವನಾಗುವುದು, ಹಳೆಯ ಗಣ್ಯರ ಪೀಠದಲ್ಲಿ ಹೊಸ ಗಣ್ಯರು ಕೂರುವುದು, ಇದನ್ನೇ ಆತ ಗಣ್ಯವರ್ಗದ ಪರಿಚಲನೆಯೆಂದು ಕರೆದದ್ದು. ಆದರೆ 2023ರಲ್ಲಿ ಅದೇ ಜಮಖಂಡಿ ಆ ಮಗನನ್ನು ಸೋಲಿಸಿತೆಂಬುದನ್ನು ಸಿದ್ಧಾಂತದ ಯಾವ ಪುಟದಲ್ಲಿ ಇಡಬೇಕು? ಪೀಠ ಕೆಲವರದ್ದೇ ಇರಬಹುದು. ಅದರ ಮೇಲಿನ ಕುಳಿತವರ ನಿದ್ರೆ ಮಾತ್ರ ಅವರದ್ದಲ್ಲ.

2018ರ ಬಾದಾಮಿ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೈಸೂರಿನ ಚಾಮುಂಡೇಶ್ವರಿಯ ಜೊತೆಗೆ ಬಾದಾಮಿಯಲ್ಲಿಯೂ ನಿಂತರು; ಹಾಲಿ ಶಾಸಕರಾಗಿದ್ದ ಬಿ. ಬಿ. ಚಿಮ್ಮನಕಟ್ಟಿಯವರು ದಾರಿ ಬಿಟ್ಟರು. ಚಾಮುಂಡೇಶ್ವರಿಯಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿದ ಮತಗಳಿಂದ ಸೋತ ಅವರು ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಮೇಲ್ನೋಟಕ್ಕೆ ಇದು 1962ರ ಪುನರಾವೃತ್ತಿ: ಒಂದೆಡೆ ಸೋತ ದೊಡ್ಡವರಿಗೆ ಈ ಸೀಮೆಯ ಆಶ್ರಯ, ಸ್ಥಳೀಯರ ತ್ಯಾಗ. ಆದರೆ ಅಂದು ಅವಿರೋಧ, ಇಂದು ಒಂದು ದೊಡ್ಡ ಹಳ್ಳಿಯ ಮತಗಳಷ್ಟು ಅಂತರ. ಐವತ್ತಾರು ವರ್ಷಗಳಲ್ಲಿ ಬದಲಾದದ್ದು ಇಷ್ಟೇ, ಮತ್ತು ಇದು ಸಣ್ಣದಲ್ಲ. 2023ರಲ್ಲಿ ಬಾದಾಮಿಯಿಂದ ಗೆದ್ದವರು ಅಂದು ದಾರಿ ಬಿಟ್ಟವರ ಪುತ್ರರೆಂಬುದು ಬೇರೆ ಮಾತು.

ಹಾಗಾದರೆ ಜನರೇ ಆಳುತ್ತಾರೆಂದು ಸಮಾಧಾನಪಡಬಹುದೇ? ಸಿದ್ಧಾಂತಿಗಳಂತೆಯೇ ಅವರನ್ನು ಟೀಕಿಸುವವರೂ ಎಡವುವುದು ಇಲ್ಲಿ. ಇಬ್ಬರ ಗಮನವೂ ವ್ಯಕ್ತಿಗಳ ಮೇಲಿದೆ, ಯಾರು ಕುಳಿತರು, ಯಾರು ಇಳಿದರು ಎಂಬುದರ ಮೇಲಿದೆ. ಬಾಳನ್ನು ಕಟ್ಟುವ, ಮುರಿಯುವ ವಿಷಯಗಳು ಯಾರ ಮುಂದೆ ತೀರ್ಮಾನವಾಗುತ್ತವೆ ಎಂಬುದನ್ನು ಯಾರೂ ಕೇಳುವುದಿಲ್ಲ. 2014ರಲ್ಲಿ ಗಿಲೆನ್ಸ್ ಮತ್ತು ಪೇಜ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ತಮ್ಮ ದೇಶದ 1,779 ನೀತಿ ವಿಷಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾಮಾನ್ಯ ನಾಗರಿಕನ ಅಭಿಪ್ರಾಯಕ್ಕೆ ಅವುಗಳ ಮೇಲೆ ಸ್ವತಂತ್ರವಾದ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆಯೆಂದು ಕಂಡರು. ಅವರ ಲೆಕ್ಕಾಚಾರದ ಬಗ್ಗೆ ವಿವಾದವಿದೆ. ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು.

ಆ ಪ್ರಶ್ನೆಯನ್ನು ಇಳಕಲ್ಲಿಗೆ ತರಬಹುದು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಅಲ್ಲಿಯ ನೇಕಾರನು ಹುನಗುಂದದ ಶಾಸಕನನ್ನು ಆರಿಸುತ್ತಾನೆ, ಇಳಿಸುತ್ತಾನೆ. ಆದರೆ ಮಾಲೀಕನಿಂದ ನೂಲು ತಂದು ಕೂಲಿಗೆ ನೇಯುವ ಆತನ ಬಾಳು ನಿಂತಿರುವುದು ನೂಲಿನ ಬೆಲೆಯ ಮೇಲೆ, ವಿದ್ಯುತ್ ಮಗ್ಗದ ನಕಲಿನ ಮೇಲೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂದಿತು. ವಿದ್ಯುತ್ ಮಗ್ಗದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ 22 ಬಗೆಗಳ ಪಟ್ಟಿ 11ಕ್ಕೆ ಇಳಿಯಿತು. ಸೀರೆ ಪಟ್ಟಿಯಲ್ಲಿ ಉಳಿಯಿತೆಂಬುದೊಂದು ಸಮಾಧಾನ. ಈ ಏರಿಳಿತದ ಯಾವ ಹಂತವೂ ಇಳಕಲ್ಲಿನ ಮತಪೆಟ್ಟಿಗೆಯನ್ನು ಹಾದು ಹೋಗಲಿಲ್ಲ.

ಬಾಗಲಕೋಟೆಯದು ಇನ್ನೂ ಗಂಭೀರ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. 519.6 ಮೀಟರ್, 524.256 ಮೀಟರ್ ಎಂಬ ಅಂಕಿಗಳು ನ್ಯಾಯಮಂಡಳಿ, ನ್ಯಾಯಾಲಯ, ತಜ್ಞರ ನಡುವೆ ದಶಕಗಳ ಕಾಲ ಓಡಾಡಿದವು. ಹಳೆಯ ಊರಿನ ಓಣಿಗಳು ನೀರಿಗೆ ಇಳಿದವು, ನವನಗರ ಎದ್ದಿತು. ಮುಳುಗಿದವನಿಗೆ ಮಾತ್ರ ಕೇಳಿ ಅಣೆಕಟ್ಟಿನ ಎತ್ತರವನ್ನು ಗೊತ್ತುಮಾಡಲಾಗದು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕಾಲುವೆಯ ಕೊನೆಯಲ್ಲಿ ನೀರಿಗೆ ಕಾದವನೂ ಪ್ರಜೆಯೇ. ಆದರೆ ನಿರ್ಧರಿಸುವ ಹಕ್ಕು ಬೇರೆ, ಹೇಳಿಕೊಳ್ಳುವ ಹಕ್ಕು ಬೇರೆ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಸಾರ್ವಜನಿಕ ಅಹವಾಲನ್ನೂ ಕಡ್ಡಾಯ ಮಾಡಿತು. ಅದೇ ಕಾಯ್ದೆ, ಪರಿಸರ ಪರಿಣಾಮದ ಅಧ್ಯಯನ ಬೇರೆ ಕಾನೂನಿನಂತೆ ನಡೆಯಬೇಕಾದ ನೀರಾವರಿ ಯೋಜನೆಗಳನ್ನು ಆ ಕಡ್ಡಾಯದಿಂದ ಹೊರಗಿಟ್ಟಿತು. ಅತಿ ಹೆಚ್ಚು ಊರುಗಳನ್ನು ಎಬ್ಬಿಸುವ ಯೋಜನೆಗಳಿಗೇ ಈ ವಿನಾಯಿತಿ.

ಇಂಥ ಸಂದರ್ಭದಲ್ಲಿ ಕೆಲವರು ಹುನಗುಂದ ಸೀಮೆಯ ಐಹೊಳೆಯತ್ತ ಬೆರಳು ತೋರಿಸಿ, ಅಯ್ಯಾವೊಳೆಯ ಐನೂರ್ವರನ್ನೂ ಊರೂರಿನ ಮಹಾಜನರನ್ನೂ ನಮ್ಮ ಪ್ರಾಚೀನ ಪ್ರಜಾಪ್ರಭುತ್ವವೆಂದು ಹಾಡಿಹೊಗಳುವುದುಂಟು. ಐನೂರ್ವರದು ದಕ್ಷಿಣದುದ್ದಕ್ಕೂ ಶಾಸನಗಳನ್ನು ಬಿಟ್ಟುಹೋದ ಪ್ರಬಲ ವರ್ತಕ ಸಂಘ. ಮಹಾಜನರು ಅಗ್ರಹಾರದ ಭೂಮಿ ಪಡೆದ ವಿದ್ವಾಂಸರು. ಸರಕು ಹೇರಿದ ಎತ್ತನ್ನು ಅಟ್ಟುತ್ತಿದ್ದವನಿಗೆ, ಅಗ್ರಹಾರದ ಹೊಲವನ್ನು ಉತ್ತವನಿಗೆ ಆ ಸಭೆಗಳಲ್ಲಿ ಸ್ಥಾನವಿರಲಿಲ್ಲ. ಮೋಸ್ಕಾನ ವಾದಕ್ಕೆ ಅವು ಪುರಾವೆಯಾದಾವೇ ಹೊರತು ಉತ್ತರವಾಗಲಾರವು.

ಉತ್ತರದ ಆರಂಭವೊಂದು ಕರ್ನಾಟಕದಲ್ಲಿ ಇದ್ದೇ ಇತ್ತು. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ, ನೀರು, ಶಾಲೆ, ರಸ್ತೆಯಂಥ ವಿಷಯಗಳೇ ಜನರ ಸಮೀಪಕ್ಕೆ ಬಂದವು. ಅಬ್ದುಲ್ ನಜೀರ್ ಸಾಬರ ಹೆಸರು ಉಳಿದದ್ದು ಅದರಿಂದಲೇ. ಆದರೆ 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ತೀರಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷದ ಮೇಲೆ ವರ್ಷ ಉರುಳಿತು. ವಿಧಾನಸಭೆಗೂ ಲೋಕಸಭೆಗೂ ನಡುವೆ ಸಕಾಲದಲ್ಲಿ ಚುನಾವಣೆಗಳಾದವು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಪಂಚಾಯತಿ ಸಭಾಂಗಣಗಳಲ್ಲಿ ಅಧ್ಯಕ್ಷರ ಕುರ್ಚಿ ಖಾಲಿಯಿದ್ದು, ಕಡತಗಳಿಗೆ ಆಡಳಿತಾಧಿಕಾರಿಗಳ ರುಜು ಬೀಳತೊಡಗಿತು.