ಬಡಮಕ್ಕಳ ಅರಮನೆ ಮತ್ತು ಒಡೆತನದ ಪ್ರಶ್ನೆ

ಎಡಿನ್‌ಬರೋ ನಗರದ ಪಶ್ಚಿಮಕ್ಕೆ, ಹೇಮಾರ್ಕೆಟ್ ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಡೊನಾಲ್ಡ್‌ಸನ್ಸ್ ಎಂಬ ಕಟ್ಟಡವಿದೆ. ನಡುವೆ ಅಂಗಳ, ಮೂಲೆಗಳಲ್ಲಿ ಗೋಪುರ, ಮುಂದೆ ವಿಶಾಲವಾದ ಹುಲ್ಲುಹಾಸು. ನಾನು ಅದನ್ನು ಕಂಡದ್ದು ಚಿತ್ರಗಳಲ್ಲಿ ಮಾತ್ರ. ಮೊದಲ ಸಲ ನೋಡಿದಾಗ ಯಾವುದೋ ರಾಜಮನೆತನದ ಅರಮನೆ ಎಂದುಕೊಂಡಿದ್ದೆ. ಅದು ಶಾಲೆಯಾಗಿತ್ತು. ವಿಲಿಯಂ ಹೆನ್ರಿ ಪ್ಲೇಫೇರ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1842ರಿಂದ 1851ರ ನಡುವೆ ಬಡಮಕ್ಕಳಿಗಾಗಿ ಕಟ್ಟಿದ್ದು. ಈಗ ಅದು ಐಷಾರಾಮಿ ಅಪಾರ್ಟ್‌ಮೆಂಟ್.

ಹಳೆಯ ಶಾಲೆ, ಚರ್ಚು, ಕಾರ್ಖಾನೆಗಳು ಮನೆಗಳಾಗುವುದು ಬ್ರಿಟನ್ನಿನಲ್ಲಿ ಹೊಸತಲ್ಲ. ಅಂಥ ಕಟ್ಟಡಗಳ ಬಗ್ಗೆ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಹಳೆಯದು ಎಷ್ಟು ಉಳಿಯಿತು? ಹೊಸದು ಅದಕ್ಕೆ ಎಷ್ಟು ಹೊಂದಿಕೊಂಡಿತು? ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಮೂರನೆಯ ಪ್ರಶ್ನೆ. ಒಂದು ಪಠ್ಯಕ್ಕೆ ಅದರ ಓದುಗರು ಇರುವ ಹಾಗೆ ಕಟ್ಟಡಕ್ಕೂ ಅದರ ಜನ ಇರುತ್ತಾರೆ. ಆ ಜನ ಬದಲಾದ ಮೇಲೆ ಕಟ್ಟಡದ ಅರ್ಥ ಅದೇ ಉಳಿಯುತ್ತದೆಯೇ?

ಉತ್ತರಕ್ಕಾಗಿ ಈ ಶಾಲೆಯ ಹಣದ ಮೂಲಕ್ಕೆ ಹೋಗಬೇಕು. ಅದು ನಮ್ಮನ್ನು ಒಂದು ಪುಸ್ತಕದಂಗಡಿಗೆ ಕರೆದೊಯ್ಯುತ್ತದೆ.

ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಡಿನ್‌ಬರೋದ ಪುಸ್ತಕ ವ್ಯಾಪಾರಿ. 1710ರಲ್ಲಿ ಜಾರಿಗೆ ಬಂದ ಕಾನೂನು ಹೊಸ ಪುಸ್ತಕಕ್ಕೆ 14 ವರ್ಷಗಳ ಹಕ್ಕುಸ್ವಾಮ್ಯ ಕೊಟ್ಟಿತ್ತು. ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಆದರೆ ಲಂಡನ್ನಿನ ದೊಡ್ಡ ಪ್ರಕಾಶಕರ ವಾದವೇ ಬೇರೆ: ಹೊಲ, ಮನೆಗಳ ಹಾಗೆ ಪುಸ್ತಕವೂ ಆಸ್ತಿ, ಕೊಂಡವನಿಗೆ ಅದು ಶಾಶ್ವತ. ಡೊನಾಲ್ಡ್‌ಸನ್ ಇದನ್ನು ಒಪ್ಪದೆ ಅವಧಿ ಮುಗಿದ ಪುಸ್ತಕಗಳನ್ನು ಮರುಮುದ್ರಿಸಿ, ಲಂಡನ್ನಿನಲ್ಲೇ ಅಂಗಡಿ ತೆರೆದು ಅಗ್ಗಕ್ಕೆ ಮಾರಿದ. ಜೇಮ್ಸ್ ಥಾಮ್ಸನ್‌ನ ‘ದಿ ಸೀಸನ್ಸ್’ ಕಾವ್ಯದ ಮೇಲೆ ಮೊಕದ್ದಮೆ ಬಿತ್ತು. ಕವಿ ತೀರಿಕೊಂಡು ಆಗಲೇ ಕಾಲು ಶತಮಾನ ಕಳೆದಿತ್ತು. 1774ರಲ್ಲಿ ಹೌಸ್ ಆಫ್ ಲಾರ್ಡ್ಸ್ ಡೊನಾಲ್ಡ್‌ಸನ್ ಪರ ತೀರ್ಪು ಕೊಟ್ಟಿತು. ಪ್ರಕಟವಾದ ಪುಸ್ತಕದ ಮೇಲಿನ ಒಡೆತನಕ್ಕೆ ಕೊನೆಯಿದೆ, ಆಮೇಲೆ ಅದು ಎಲ್ಲರದು ಎಂಬುದು ಅಲ್ಲಿ ಗಟ್ಟಿಯಾಯಿತು.

ಕ್ಯಾಂಪಸ್ಸಿನ ಜೆರಾಕ್ಸ್ ಅಂಗಡಿಯನ್ನು ನೆಚ್ಚಿಕೊಂಡು ಓದಿದ ನನ್ನಂಥವರಿಗೆ ಈ ತೀರ್ಪು ದೂರದ ಸಂಗತಿಯಲ್ಲ. ಆದರೆ ಡೊನಾಲ್ಡ್‌ಸನ್‌ನನ್ನು ಸಂತನಾಗಿಸುವುದು ಬೇಡ. ಅವನು ಲಾಭ ಬಲ್ಲ ವ್ಯಾಪಾರಿ. ಅವನ ಲಾಭದ ದಾರಿ ಓದುಗರಿಗೆ ಅನುಕೂಲವಾಯಿತು, ಅಷ್ಟೆ.

ಅವನ ಮಗ ಜೇಮ್ಸ್, ‘ಎಡಿನ್‌ಬರೋ ಅಡ್ವರ್ಟೈಸರ್’ ಪತ್ರಿಕೆಯ ಪ್ರಕಾಶಕ. 1830ರಲ್ಲಿ ತೀರಿಕೊಂಡಾಗ, ತಂದೆಯಿಂದ ಬಂದದ್ದು ತಾನು ಗಳಿಸಿದ್ದು ಎಲ್ಲ ಸೇರಿ 2 ಲಕ್ಷ ಪೌಂಡಿಗೂ ಮೇಲಿದ್ದ ಆಸ್ತಿಯ ಬಹುಪಾಲನ್ನು ಬಡಮಕ್ಕಳ ‘ಹಾಸ್ಪಿಟಲ್’ಗೆ ಬರೆದಿಟ್ಟಿದ್ದ. ಅಂದಿನ ಸ್ಕಾಟ್ಲೆಂಡಿನಲ್ಲಿ ಆ ಮಾತಿಗೆ ಊಟ, ವಸತಿ, ಪಾಠ ಕೊಡುವ ಶಾಲೆ ಎಂಬ ಅರ್ಥವೂ ಇತ್ತು. ಇಲ್ಲಿ ಕಿವುಡ ಮಕ್ಕಳೂ ಕಿವಿ ಕೇಳಿಸುವ ಮಕ್ಕಳೂ ಒಟ್ಟಿಗೆ ಕಲಿತರು. ಮುಂದೆ ಅದು ಕಿವುಡ ಮಕ್ಕಳ ಶಾಲೆಯಾಗಿಯೇ ಹೆಸರಾಯಿತು.

ವಿಕ್ಟೋರಿಯಾ ರಾಣಿ ಈ ಕಟ್ಟಡ ನೋಡಿ, ಇದು ತನ್ನ ಅರಮನೆಗಳಿಗಿಂತ ಚೆನ್ನಾಗಿದೆ ಎಂದಳಂತೆ. ನಿಜವೋ ಕಟ್ಟುಕತೆಯೋ, ಈ ಕತೆ ಇಷ್ಟು ಕಾಲ ಬಾಳಿದ್ದು ಅದರೊಳಗಿನ ವ್ಯಂಗ್ಯದಿಂದ. ರಾಣಿ ಆಸೆಪಡುವಂಥ ಅರಮನೆಯಲ್ಲಿ ಏನೂ ಇಲ್ಲದ ಮಕ್ಕಳಿದ್ದರು. ಗೋಪುರ ಮತ್ತು ಹುಲ್ಲುಹಾಸುಗಳಿಗೆ ಅರ್ಥ ಬಂದದ್ದು ಅಲ್ಲಿದ್ದವರಿಗೂ ಅವುಗಳಿಗೂ ಇದ್ದ ಈ ಅಂತರದಿಂದಲೇ. ಈಗ ಗೋಪುರ, ಹುಲ್ಲುಹಾಸು ಎರಡೂ ಇವೆ, ಅಂತರವಿಲ್ಲ. ಹಣವುಳ್ಳವರು ಅರಮನೆಯಲ್ಲಿದ್ದರೆ ಅದರಲ್ಲಿ ಕತೆಯೇನಿದೆ? ರಾಣಿಯ ಮಾತನ್ನು ಇಂದು ಹೇಳಿದರೆ ಅದು ಮನೆ ಮಾರುವವರ ಜಾಹೀರಾತಿನಂತೆ ಕೇಳುತ್ತದೆ. ಈ ಪರಿವರ್ತನೆಯ ಬಗ್ಗೆ ನನ್ನ ಮುಖ್ಯ ತಕರಾರು ಇದು: ಅಕ್ಷರಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡು ವಾಕ್ಯದ ಅರ್ಥವನ್ನು ಕೈಬಿಟ್ಟಿದ್ದಾರೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲು ಜನ ಕಿವಿ ಕೇಳಿಸುವ ತಂದೆತಾಯಿಗೆ ಹುಟ್ಟಿದವರು. ಹಾಗಾಗಿ ಅನೇಕರಿಗೆ ಸನ್ನೆ ಭಾಷೆ ಮನೆಯಲ್ಲಿ ಸಿಗುವುದಿಲ್ಲ, ಶಾಲೆಯಲ್ಲಿ ಸಿಗುತ್ತದೆ. 1880ರ ಮಿಲಾನ್ ಸಮ್ಮೇಳನ ಸನ್ನೆಯ ಬದಲು ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿದ ಮೇಲೆ ಯುರೋಪಿನ ಅನೇಕ ಶಾಲೆಗಳ ತರಗತಿಗಳಿಂದ ಸನ್ನೆ ಹೊರಬಿತ್ತು. ಆದರೂ ವಸತಿ ಶಾಲೆಗಳ ಮಲಗುವ ಕೋಣೆ, ಅಂಗಳಗಳಲ್ಲಿ ಹಿರಿಯ ಮಕ್ಕಳಿಂದ ಕಿರಿಯರಿಗೆ ಅದು ದಾಟುತ್ತಲೇ ಬಂತು. ಅಂದರೆ ಇಂಥ ಕಟ್ಟಡಗಳು ಒಂದು ಭಾಷೆಯ ತವರುಮನೆಗಳು. ಪಾರಂಪರಿಕ ಕಟ್ಟಡಗಳ ಪಟ್ಟಿ ಕಿಟಕಿಯ ಕೆತ್ತನೆಯನ್ನು ಕಾಪಾಡಬಲ್ಲದು. ಆ ಕಿಟಕಿಯ ಬೆಳಕಿನಲ್ಲಿ ಆಡಿದ ಮಾತನ್ನು ಕಾಪಾಡಲಾರದು.

ಇದಕ್ಕೆ ಬಲವಾದ ಪ್ರತಿವಾದವಿದೆ. ಶಾಲೆ ಆಗ ಸಾಯಲಿಲ್ಲ, 2008ರಲ್ಲಿ ಲಿನ್‌ಲಿತ್‌ಗೋ ಎಂಬ ಊರಿಗೆ ಹೋಯಿತು. ಮಕ್ಕಳಿಗೆ ಬೇಕಾದದ್ದು ಒಳ್ಳೆಯ ತರಗತಿ, ಗೋಪುರವಲ್ಲ. ಅಷ್ಟು ದೊಡ್ಡ ಹಳೆಯ ಕಟ್ಟಡವನ್ನು ನೋಡಿಕೊಳ್ಳುವುದು ದುಬಾರಿ. ಕೊಳ್ಳುವವರು ಬಾರದಿದ್ದರೆ ಅದು ಪಾಳು ಬೀಳುತ್ತಿತ್ತು. ಇವೆಲ್ಲವನ್ನೂ ಒಪ್ಪುತ್ತೇನೆ. ಬಡಮಕ್ಕಳನ್ನು ಅರಮನೆಯಲ್ಲಿಟ್ಟ ದಾನದಲ್ಲೂ ದಾನಿಯ ಹೆಸರು ಮೆರೆಯುವ ಹಂಬಲ ಇದ್ದೀತು. ಹಳೆಯ ಶಾಲೆಯನ್ನು ಸ್ವರ್ಗವೆಂದು ನೆನೆಯುವುದು ಅಲ್ಲಿ ಕಷ್ಟಪಟ್ಟಿರಬಹುದಾದ ಮಕ್ಕಳಿಗೆ ಮಾಡುವ ಅನ್ಯಾಯ.

ಆದರೂ ಒಂದು ಮಾತು ಉಳಿಯುತ್ತದೆ. ತಂದೆ ಪುಸ್ತಕವೊಂದನ್ನು ಖಾಸಗಿ ಸ್ವತ್ತಿನಿಂದ ಬಿಡಿಸಿ ಎಲ್ಲರಿಗೂ ದಕ್ಕುವಂತೆ ಮಾಡಿದ. ಮಗ ತನ್ನ ಹಣದಿಂದ, ಏನೂ ಇಲ್ಲದವರಿಗೆ ಒಂದು ಮನೆಯಾಗುವಂತೆ ನೋಡಿಕೊಂಡ. ಕಟ್ಟಡ ಈಗ ಅದಕ್ಕೆ ತಿರುಗಾಮುರುಗಾ ನಡೆದಿದೆ. ಪುಸ್ತಕದ ಮೇಲಿನ ಒಡೆತನ ಒಂದು ದಿನ ತೀರುತ್ತದೆ ಎಂದು ಕಾನೂನು ಒಪ್ಪಿತು. ಹಲವು ತಲೆಮಾರಿನ ಮಕ್ಕಳು ಕಲಿತ ಜಾಗದ ಮೇಲೆ ಅವರಿಗೂ ಒಂದಿಷ್ಟು ಹಕ್ಕು ಉಂಟೇ ಎಂದು ಕೇಳುವ ಕಾನೂನು ಇನ್ನೂ ಬಂದಿಲ್ಲ. ಡೊನಾಲ್ಡ್‌ಸನ್ಸ್ ಚಿತ್ರವನ್ನು ಇನ್ನೊಮ್ಮೆ ನೋಡುವಾಗ ಅದರ ಗೋಪುರವನ್ನು ಮೆಚ್ಚಿಕೊಳ್ಳೋಣ, ಜೊತೆಗೆ ಈ ಪ್ರಶ್ನೆಯನ್ನೂ ಕೇಳಿಕೊಳ್ಳೋಣ.